ಗೋಡೆ ಬೀಳುವಾಗ ಕದಲದವನು

(ಶಿವಮೊಗ್ಗದಲ್ಲಿ ಸಿನಿಮಾ ನೋಡುವ ಗೆಳೆಯರ ಒಂದು ಸಣ್ಣ ಕೂಟದಲ್ಲಿ, ಬಸ್ಟರ್ ಕೀಟನ್‌ನ ಚಿತ್ರ ಹಾಕುವ ಮೊದಲು ಆಡಿದ ಮಾತು. ಸ್ವಲ್ಪ ತಿದ್ದಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಳೆ ಜೋರಾಗಿದೆ. ಶೀಟಿನ ಮೇಲೆ ಬೀಳುವ ಸದ್ದಿಗೆ ನನ್ನ ಮಾತು ಹಿಂದೆ ಕೂತವರಿಗೆ ಕೇಳದಿದ್ದರೆ ಕೈ ಎತ್ತಿ, ಗಟ್ಟಿಯಾಗಿ ಹೇಳ್ತೇನೆ. ಆಮೇಲೆ ನೋಡುವ ಚಿತ್ರಕ್ಕೆ ಆ ತೊಂದರೆ ಇಲ್ಲ. ಅದು ಮೂಕಿ ಚಿತ್ರ.

ಚಾಪ್ಲಿನ್‌ನನ್ನು ನಮ್ಮ ಜಿಲ್ಲೆಯವರಿಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. ಹೆಗ್ಗೋಡಿನ ನೀನಾಸಂ 1973ರಲ್ಲೇ ಚಿತ್ರಸಮಾಜ ಶುರು ಮಾಡಿತು. ಅಡಿಕೆ ಸುಲಿಯುವ ಊರುಗಳಲ್ಲಿ ಪ್ರಪಂಚದ ಸಿನಿಮಾದ ಬಗ್ಗೆ ಮಾತಾಡುವ ಜನ ಹುಟ್ಟಿಕೊಂಡರು. ಆದರೆ ಚಾಪ್ಲಿನ್ ಹೆಸರು ಹೇಳಿದ ಕೂಡಲೇ ಬರಬೇಕಾದ ಇನ್ನೊಂದು ಹೆಸರು ನಮ್ಮಲ್ಲಿ ಅಷ್ಟಾಗಿ ಬರುವುದಿಲ್ಲ. ಅದು ಮೂಕಿ ಕಾಲದ ಇನ್ನೊಬ್ಬ ಹಾಸ್ಯನಟ ಬಸ್ಟರ್ ಕೀಟನ್. ಇವತ್ತು ಅವನ ಕೆಲಸದ ಬಗ್ಗೆ ಹೇಳಬೇಕು. ಅವನ ಮನೆಯ ಕಷ್ಟದ ಬಗ್ಗೆಯೂ ಹೇಳಬೇಕು. ಎರಡನೆಯದನ್ನು ಹೇಳಲು ನನಗೆ ಒಂದು ಕಾರಣ ಇದೆ.

ಹಾಸ್ಯನಟರ ಬಗ್ಗೆ ಎಲ್ಲ ಕಡೆ ಒಂದು ಮಾತು ಓಡಾಡುತ್ತದೆ. ಊರನ್ನೆಲ್ಲ ನಗಿಸುವವನು ಒಳಗೊಳಗೇ ಅಳುತ್ತಿರುತ್ತಾನೆ, ಆ ನೋವಿನಿಂದಲೇ ನಗು ಹುಟ್ಟುತ್ತದೆ ಅಂತ. ಕೇಳಲು ಚೆನ್ನಾಗಿದೆ. ನನಗೂ ಬಹಳ ವರ್ಷ ಹಾಗೇ ಅನ್ನಿಸಿತ್ತು. ಈಗ ಅನ್ನಿಸುವುದಿಲ್ಲ. ಆ ಮಾತಿನಿಂದ ಹಾಸ್ಯನಟರಿಗೆ ಕೆಟ್ಟದ್ದೇ ಆಗಿದೆ ಅಂತ ಅನ್ನಿಸುತ್ತದೆ. ಯಾಕೆ ಅಂತ ಹೇಳಲು ಮೊದಲು ನಮ್ಮೂರಿನ ಗದ್ದೆಗೆ ಹೋಗಬೇಕು.

ನಾನು ಚಿಕ್ಕವನಿದ್ದಾಗ, ಕೊಯ್ಲು ಮುಗಿದ ಮೇಲೆ ನಮ್ಮೂರ ಗದ್ದೆಯಲ್ಲಿ ಯಕ್ಷಗಾನ ಮೇಳದ ಟೆಂಟು ಬೀಳುತ್ತಿತ್ತು. ಆ ಮೇಳದಲ್ಲಿ ಒಬ್ಬರು ಹಾಸ್ಯಗಾರರು ಇದ್ದರು. ಹೆಸರು ಬೇಡ. ನಳ ದಮಯಂತಿ ಆಟದಲ್ಲಿ ಅವರ ಬಾಹುಕನನ್ನು ನೋಡಲು ಜನ ಬೆಳಗಿನ ಜಾವದವರೆಗೂ ನಿದ್ದೆಗೆಟ್ಟು ಕೂರುತ್ತಿದ್ದರು. ಹುಡುಗರಾದ ನಾವು ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಇಣುಕುತ್ತಿದ್ದೆವು. ಅವರು ಬಣ್ಣ ಹಚ್ಚಿಕೊಂಡು ಪೆಟ್ಟಿಗೆಯ ಮೇಲೆ ಸುಮ್ನೆ ಕೂತಿರುತ್ತಿದ್ದರು. ಯಾರ ಹತ್ತಿರವೂ ಮಾತಿಲ್ಲ. ಬೆರಳು ಮಾತ್ರ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಭಾಗವತರ ಪದ ಒಂದು ಜಾಗಕ್ಕೆ ಬಂದ ಕೂಡಲೇ ಎದ್ದು ಹೋಗುತ್ತಿದ್ದರು. ಆ ಹೊತ್ತಿನಲ್ಲಿ ಒಂದು ಚೂರೂ ತಪ್ಪುತ್ತಿರಲಿಲ್ಲ.

ಆಮೇಲಾಮೇಲೆ ಊರಿನ ಕೆಲವರು ಆಟಕ್ಕೆ ಮೊದಲೇ ಅವರಿಗೆ ಕೊಟ್ಟೆ ಸಾರಾಯಿ ತಂದು ಕೊಡುವುದು ಶುರುವಾಯಿತು. ‘ಸ್ವಲ್ಪ ಹಾಕಿದ್ರೆ ಹಾಸ್ಯ ಚೆಂದ ಬರ್ತದೆ’ ಅನ್ನುವುದು ಅವರ ನಂಬಿಕೆ. ಮನೆಯಲ್ಲಿ ಏನೋ ತೊಂದರೆ ಇತ್ತಂತೆ. ಹೆಂಡತಿ ತವರಿಗೆ ಹೋಗಿದ್ದಾರೆ ಅಂತ ದೊಡ್ಡವರು ಮಾತಾಡಿಕೊಳ್ಳುತ್ತಿದ್ದರು. ‘ಪಾಪ, ಆ ಬೇಜಾರಿಗೇ ಇಷ್ಟು ನಗಿಸ್ತಾರೆ’ ಅನ್ನುತ್ತಿದ್ದರು. ನಾನು ನೋಡಿದ್ದು ಬೇರೆ. ಕುಡಿದ ದಿನ ಅವರ ಹೊತ್ತು ತಪ್ಪುತ್ತಿತ್ತು. ಪದಕ್ಕಿಂತ ಅರೆಗಳಿಗೆ ಮುಂಚೆ ಬರುತ್ತಿದ್ದರು, ಇಲ್ಲವೇ ತಡವಾಗಿ. ಜನ ನಗುತ್ತಿದ್ದರು, ಆದರೆ ಅದು ಬಾಹುಕನನ್ನು ನೋಡಿ ಬಂದ ನಗು ಆಗಿರಲಿಲ್ಲ. ಮೂರು ನಾಲ್ಕು ವರ್ಷ ಕಳೆದು ಅವರು ಮೇಳದಲ್ಲಿ ಕಾಣಲಿಲ್ಲ. ಯಾರೂ ಕೇಳಲೂ ಇಲ್ಲ.

ಕೀಟನ್‌ನ ಜೀವನ ಓದುವಾಗ ನನಗೆ ಅವರೇ ನೆನಪಾಗುತ್ತಿದ್ದರು.

ಕೀಟನ್ ಹುಟ್ಟಿದ್ದು 1895ರ ಅಕ್ಟೋಬರ್ 4ರಂದು, ಅಮೆರಿಕದ ಕ್ಯಾನ್ಸಸ್ ರಾಜ್ಯದ ಪಿಕ್ವಾ ಅನ್ನುವ ಸಣ್ಣ ಊರಿನಲ್ಲಿ. ಅಪ್ಪ ಜೋ, ಅಮ್ಮ ಮೈರಾ, ಇಬ್ಬರೂ ಊರೂರು ತಿರುಗುವ ಕಲಾವಿದರು. ಆಟ ತೋರಿಸಿ ಔಷಧಿ ಮಾರುವ ತಂಡದಲ್ಲಿದ್ದರು. ನಮ್ಮ ಸಂತೆಗಳಲ್ಲಿ ಮೊದಲು ಎಣ್ಣೆ, ಬೇರು ಮಾರುವವರು ಬರುತ್ತಿದ್ದರಲ್ಲ, ಹಾಗೆ. ತಿರುಗಾಟದ ನಡುವೆ ಆ ಊರಲ್ಲಿ ಹೆರಿಗೆ ಆಯಿತು, ಅಷ್ಟೇ. ಮಗುವಿನ ಹೆಸರು ಜೋಸೆಫ್. ಚಿಕ್ಕವನಿದ್ದಾಗ ಮೆಟ್ಟಿಲಿನಿಂದ ಉರುಳಿ ಬಿದ್ದು ಏನೂ ಆಗದೆ ಎದ್ದು ಕೂತನಂತೆ. ಆವತ್ತಿನಿಂದ ಬಸ್ಟರ್ ಅನ್ನುವ ಹೆಸರು ಬಂತು ಅಂತ ಮನೆಯವರು ಹೇಳುತ್ತಿದ್ದ ಕಥೆ.

ನಾಲ್ಕೈದು ವರ್ಷಕ್ಕೆಲ್ಲ ಅವನೂ ರಂಗಕ್ಕೆ ಬಂದ. ‘ಮೂವರು ಕೀಟನ್‌ಗಳು’ ಅಂತ ತಂಡದ ಹೆಸರಾಯಿತು. ಆಟ ಏನು ಗೊತ್ತಾ? ಮಗ ತರಲೆ ಮಾಡುತ್ತಾನೆ, ಅಪ್ಪ ಸಿಟ್ಟಾಗಿ ಅವನನ್ನು ಎತ್ತಿ ಬಿಸಾಡುತ್ತಾನೆ. ನಿಜವಾಗಿಯೂ ಬಿಸಾಡುವುದು. ಪರದೆಯ ಮೇಲಕ್ಕೆ, ವಾದ್ಯದವರು ಕೂತ ಗುಂಡಿಯೊಳಕ್ಕೆ. ಹಿಡಿದು ಎಸೆಯಲು ಸುಲಭವಾಗಲಿ ಅಂತ ಹುಡುಗನ ಅಂಗಿಯ ಬೆನ್ನಿಗೆ ಸೂಟ್‌ಕೇಸಿನ ಹಿಡಿ ಹೊಲಿದಿದ್ದರು. ಈ ಹಿಡಿಯ ವಿಷಯ ಮೊದಲು ಓದಿದಾಗ ನಾನು ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಕೂತಿದ್ದೆ. ಅಂಗಿ ಹೊಲಿದವರು ಯಾರು, ಹೊಲಿಯುವಾಗ ಏನು ಅನ್ನಿಸಿತ್ತೋ ಅಂತ.

ನ್ಯೂಯಾರ್ಕ್‌ನಲ್ಲಿ ಮಕ್ಕಳ ರಕ್ಷಣೆಯ ಸಂಘದವರು ಬಂದು ಮತ್ತೆ ಮತ್ತೆ ಹಿಡಿದು ನೋಡಿದರು. ಮೈಮೇಲೆ ಗಾಯ ಕಾಣಲಿಲ್ಲ. ಹುಡುಗ ಬೀಳುವುದನ್ನು ಕಲಿತುಬಿಟ್ಟಿದ್ದ. ಮೈ ಸಡಿಲ ಬಿಡುವುದು, ಕೈಕಾಲಿನಿಂದ ಪೆಟ್ಟನ್ನು ಹಂಚಿಕೊಳ್ಳುವುದು. ಇನ್ನೊಂದನ್ನೂ ಆಗಲೇ ಕಲಿತ. ಬಿದ್ದ ಮೇಲೆ ತಾನು ನಕ್ಕರೆ ಜನ ಕಡಿಮೆ ನಗುತ್ತಾರೆ. ಮುಖ ಗಂಟಿಕ್ಕದೆ, ನಗದೆ, ಏನೂ ಆಗಿಲ್ಲ ಅನ್ನುವಂತೆ ಎದ್ದು ನಿಂತರೆ ಟೆಂಟೇ ಹಾರಿ ಹೋಗುವಷ್ಟು ನಗು. ಮುಂದೆ ಲೋಕವೆಲ್ಲ ‘ಕಲ್ಲು ಮುಖ’ ಅಂತ ಕರೆದದ್ದು ಇದನ್ನೇ. ಜನ ಆ ಮುಖದಲ್ಲಿ ದುಃಖ ಕಂಡರು. ಅವನು ಮಾತ್ರ ಅದನ್ನು ಕೆಲಸದ ಉಪಾಯ ಅಂತಲೇ ಹೇಳುತ್ತಿದ್ದ. ನನಗೆ ಅವನ ಮಾತೇ ಸರಿ ಅನ್ನಿಸುತ್ತದೆ. ಕುಂಬಾರನ ಕೈ ಮಣ್ಣಿಗೆ ಹೊಂದಿಕೊಂಡ ಹಾಗೆ ಅವನ ಮುಖ ನಗುವಿಗೆ ಹೊಂದಿಕೊಂಡಿತು.

ಶಾಲೆಗೆ ಹೋಗಿದ್ದು ಒಂದೇ ದಿನ ಅಂತ ಹೇಳಿಕೊಂಡಿದ್ದ. ನಮ್ಮ ನಾಟಕ ಕಂಪನಿಗಳ ಮಕ್ಕಳ ಕಥೆಯೂ ಇದೇ ಅಲ್ವಾ. ನರಸಿಂಹರಾಜು 1954ರಲ್ಲಿ ಬೇಡರ ಕಣ್ಣಪ್ಪ ಚಿತ್ರಕ್ಕೆ ಬರುವ ಹೊತ್ತಿಗೆ, ಚಿಕ್ಕಂದಿನಿಂದಲೇ ಕಂಪನಿ ನಾಟಕದ ಊಟ ಉಂಡು, ಅಲ್ಲೇ ಮಲಗಿ ಬೆಳೆದವರು. ನಾವು ತೆರೆಯ ಮೇಲೆ ಕಂಡ ಆ ಸಲೀಸು ಸುಮ್ಮನೆ ಬಂದದ್ದಲ್ಲ.

ಅಪ್ಪ ಜೋಗೆ ಕುಡಿತ ಹತ್ತಿಕೊಂಡಿತು. ಮಗನನ್ನು ಎಸೆಯುವ ಆಟದಲ್ಲಿ ಅಪ್ಪನ ಕೈ ಅಳತೆ ತಪ್ಪಿದರೆ ಏನಾಗಬಹುದು ಯೋಚನೆ ಮಾಡಿ. 1917ರ ಹೊತ್ತಿಗೆ ತಾಯಿ ಮಗ ಇಬ್ಬರೂ ತಂಡ ಬಿಟ್ಟರು. ಆಗ ಬಸ್ಟರ್‌ಗೆ ಇಪ್ಪತ್ತೊಂದು ವರ್ಷ. ಈ ಅಪ್ಪನನ್ನು ಅವನು ಆಮೇಲೂ ದೂರ ಮಾಡಲಿಲ್ಲ. ತನ್ನ ಚಿತ್ರಗಳಲ್ಲಿ ಪಾತ್ರ ಕೊಟ್ಟ. ಷರ್ಲಾಕ್ ಜೂನಿಯರ್‌ನಲ್ಲಿ ನಾಯಕಿಯ ತಂದೆಯಾಗಿ ಬರುವುದು ಅದೇ ಜೋ.

ನ್ಯೂಯಾರ್ಕ್‌ನಲ್ಲಿ ಕೀಟನ್‌ಗೆ ರಾಸ್ಕೊ ಆರ್ಬಕಲ್ ಸಿಕ್ಕ. ಆ ಕಾಲದ ದೊಡ್ಡ ಹಾಸ್ಯನಟ, ದಪ್ಪ ಮೈ, ಹಗುರ ಕಾಲು. ಸಿನಿಮಾ ಸೆಟ್ ತೋರಿಸಿದ. ಕೀಟನ್ ಪಾತ್ರ ಕೇಳುವ ಮೊದಲು ಕ್ಯಾಮೆರಾ ಕೇಳಿದ! ಅದನ್ನು ಕೋಣೆಗೆ ಒಯ್ದು, ಬಿಚ್ಚಿ, ಒಳಗಿನದೆಲ್ಲ ನೋಡಿ, ಮತ್ತೆ ಜೋಡಿಸಿ ತಂದುಕೊಟ್ಟನಂತೆ. ನಮ್ಮ ಕಡೆ ಪಂಪ್‌ಸೆಟ್ ಬಿಚ್ಚಿ ಕೂರುವ ಹುಡುಗರು ಇರುತ್ತಾರಲ್ಲ, ಆ ಜಾತಿಯವನು. ಮುಂದೆ ಅವನ ಎಲ್ಲ ನಗೆಯಲ್ಲೂ ಒಂದು ಯಂತ್ರ ಇದ್ದೇ ಇರುತ್ತದೆ. ಹಡಗು, ರೈಲು, ಮನೆ, ಗಾಳಿ.

1918ರಲ್ಲಿ ಸೈನ್ಯಕ್ಕೆ ಕರೆ ಬಂತು. ಫ್ರಾನ್ಸಿನಲ್ಲಿದ್ದಾಗ ಕಿವಿಗೆ ಸೋಂಕು ತಗುಲಿತು. ಕೇಳುವುದು ಮಂದವಾಗಿ ಹೋಯಿತು, ಪೂರ್ತಿ ಸರಿ ಆಗಲೇ ಇಲ್ಲ. ನಮ್ಮ ನಟ ಬಾಲಕೃಷ್ಣ ಅವರಿಗೂ ಕಿವಿ ಮಂದ ಇತ್ತು. ಎದುರಿನವರ ತುಟಿ ನೋಡಿಕೊಂಡೇ ತಮ್ಮ ಮಾತಿನ ಸರದಿ ಹಿಡಿಯುತ್ತಿದ್ದರು. ಅಭಿಮಾನ್ ಸ್ಟುಡಿಯೊ ಕಟ್ಟಲು ಅವರು ಪಟ್ಟ ಪಾಡು ನಿಮಗೆಲ್ಲ ಗೊತ್ತು. ಅದಕ್ಕೆ ಬೇರೆಯೇ ಒಂದು ಸಂಜೆ ಬೇಕು.

ಸೈನ್ಯದಿಂದ ಬಂದ ಮೇಲೆ, 1920ರಿಂದ 1928ರವರೆಗೆ, ಎಂಟೇ ವರ್ಷ. ಅಷ್ಟರಲ್ಲಿ ಹತ್ತೊಂಬತ್ತು ಸಣ್ಣ ಚಿತ್ರ, ಹತ್ತು ದೊಡ್ಡ ಚಿತ್ರ. ನಾನು ಹೇಳಬೇಕೆಂದಿದ್ದ ವಿಷಯ ಇಲ್ಲಿದೆ. ಈ ಎಂಟು ವರ್ಷ ಅವನು ಖುಷಿಯಾಗಿದ್ದ. ಕೆಲಸದಲ್ಲಂತೂ ಖಂಡಿತ. ಅವನ ಸುತ್ತ ನಾಲ್ಕೈದು ಜನ ಗೆಳೆಯರು, ಎಲ್ಲರೂ ನಗೆ ಹೊಸೆಯುವವರು. ಬರೆದ ಸ್ಕ್ರಿಪ್ಟ್ ಇಲ್ಲ. ಕಥೆಯ ಶುರು ಸಿಗಬೇಕು, ಕೊನೆ ಸಿಗಬೇಕು, ನಡುವಿನದು ತಾನಾಗಿ ಬರುತ್ತದೆ ಅನ್ನುವ ಧೈರ್ಯ. ಯೋಚನೆ ಎಲ್ಲಾದರೂ ಕಟ್ಟಿಕೊಂಡು ನಿಂತರೆ ಶೂಟಿಂಗ್ ನಿಲ್ಲಿಸಿ ಬೇಸ್‌ಬಾಲ್ ಆಡುತ್ತಿದ್ದರು. ಆಡುತ್ತಾ ಆಡುತ್ತಾ ಯಾರಿಗೋ ಹೊಳೆಯುತ್ತಿತ್ತು. ಚೆಂಡು ಬಿಸಾಡಿ ಎಲ್ಲರೂ ಕ್ಯಾಮೆರಾ ಕಡೆ ಓಡುತ್ತಿದ್ದರು.

ಆ ಚಿತ್ರಗಳಲ್ಲಿ ಒಂದಾದ ದಿ ಜನರಲ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಮೀಟರ್ ಗೇಜ್ ಇದ್ದ ಕಾಲದಲ್ಲಿ ರೈಲ್‌ಬಸ್ಸಿನಲ್ಲಿ ಓಡಾಡಿದವರು ಇಲ್ಲಿದ್ದೀರಿ. ಕಾಡಿನ ನಡುವೆ ಒಂಟಿ ಹಳಿ, ತಿರುವು, ಆ ಪುಟ್ಟ ಗಾಡಿ ಬಂತೆಂದರೆ ದನ ಕಾಯುವ ಹುಡುಗರೆಲ್ಲ ಕೈ ಬೀಸುವುದು. ಹಾಗಿರುವ ಹಳಿಯನ್ನೇ ಹುಡುಕಿಕೊಂಡು ಕೀಟನ್ 1926ರಲ್ಲಿ ಆರೆಗಾನ್ ರಾಜ್ಯದ ಕಾಟೇಜ್ ಗ್ರೋವ್‌ಗೆ ಹೋದ. ಮರ ಸಾಗಿಸಲು ಹಾಕಿದ ಹಳಿ, ಸುತ್ತ ಕಾಡು. ಕಥೆ 1862ರಲ್ಲಿ ಅಮೆರಿಕದ ಒಳಯುದ್ಧದಲ್ಲಿ ನಿಜವಾಗಿ ನಡೆದದ್ದು. ಶತ್ರುಗಳು ಎಂಜಿನ್ ಕದಿಯುತ್ತಾರೆ, ಇವನು ಅಟ್ಟಿಸಿಕೊಂಡು ಹೋಗುತ್ತಾನೆ.

ಅದರಲ್ಲಿ ಒಂದು ನೋಟ. ಪ್ರೀತಿಸಿದ ಹುಡುಗಿ ಬೇಡ ಅಂದಿದ್ದಾಳೆ. ಇವನು ಹೋಗಿ ಎಂಜಿನ್ನಿನ ಚಕ್ರಗಳನ್ನು ಜೋಡಿಸುವ ಉದ್ದನೆ ಕಬ್ಬಿಣದ ತೋಳಿನ ಮೇಲೆ ಕೂರುತ್ತಾನೆ. ಯೋಚನೆಯಲ್ಲಿ ಮುಳುಗಿದ್ದಾನೆ. ಎಂಜಿನ್ ಹೊರಡುತ್ತದೆ. ತೋಳು ಮೇಲೆ ಹೋಗುತ್ತದೆ, ಕೆಳಗೆ ಬರುತ್ತದೆ. ಅವನೂ ಕೂತ ಹಾಗೇ ಮೇಲೆ, ಕೆಳಗೆ. ಇನ್ನೇನು ಶೆಡ್ಡಿನ ಕತ್ತಲೊಳಗೆ ಹೋಗುವಾಗ ಗೊತ್ತಾಗುತ್ತದೆ. ನೋಡಲು ಎಷ್ಟು ಹಗುರ! ಉಗಿ ಸ್ವಲ್ಪ ಜಾಸ್ತಿ ಬಿಟ್ಟು ಚಕ್ರ ಜಾರಿ ಗಿರ್ರನೆ ತಿರುಗಿದ್ದರೆ ಅವನು ಉಳಿಯುತ್ತಿರಲಿಲ್ಲ. ಎಂಜಿನ್ ಓಡಿಸುವವನ ಕೈಯಲ್ಲಿ ಜೀವ ಇಟ್ಟು ಕೂತಿದ್ದ.

ಎಂಜಿನ್ ಕಿಡಿಯಿಂದ ಅಲ್ಲಿ ಕಾಡಿಗೂ ಬೆಂಕಿ ಬಿತ್ತು. ತಂಡದವರೆಲ್ಲ ಹಾಕಿದ್ದ ಬಟ್ಟೆ ಬಿಚ್ಚಿ ಅದರಿಂದಲೇ ಬಡಿದು ಆರಿಸಿದರು. ಕೀಟನ್ ಕೂಡ. ಹಸಿ ಸೊಪ್ಪು ಮುರಿದು ಬೆಂಕಿ ಬಡಿದ ಅಭ್ಯಾಸ ಇರುವ ನಮಗೆ ಆ ಬಿಸಿ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ಸೇತುವೆ ಮುರಿದು ನಿಜವಾದ ಎಂಜಿನ್ ಹೊಳೆಗೆ ಬೀಳುವ ಒಂದು ನೋಟಕ್ಕೇ 42,000 ಡಾಲರ್ ಖರ್ಚಾಯಿತು. ಮೂಕಿ ಚಿತ್ರಗಳ ಕಾಲದಲ್ಲಿ ಒಂದೇ ನೋಟಕ್ಕೆ ಅಷ್ಟು ಸುರಿದವರಿಲ್ಲ ಅನ್ನುತ್ತಾರೆ. ಮುರಿದ ಎಂಜಿನ್ ಎರಡನೇ ಮಹಾಯುದ್ಧದವರೆಗೂ ಹೊಳೆಯಲ್ಲೇ ಬಿದ್ದಿತ್ತು. ಆಮೇಲೆ ಗುಜರಿಗೆ ಹೋಯಿತು. ಇಷ್ಟೆಲ್ಲ ಮಾಡಿದ ಚಿತ್ರ ಆಗ ಓಡಲಿಲ್ಲ. ಇವತ್ತು ಪ್ರಪಂಚದ ದೊಡ್ಡ ಚಿತ್ರಗಳ ಸಾಲಿನಲ್ಲಿ ಇಡುತ್ತಾರೆ.

ಈಗ ಕಷ್ಟದ ಕಡೆ ಬರೋಣ.

1921ರಲ್ಲಿ ಎರಡು ಸಂಗತಿ ನಡೆದವು. ಮೇ ತಿಂಗಳಲ್ಲಿ ಕೀಟನ್ ನಟಾಲಿ ಟಾಲ್‌ಮ್ಯಾಜ್‌ಳನ್ನು ಮದುವೆಯಾದ. ಅವಳ ಅಕ್ಕ ನಾರ್ಮಾ, ತಂಗಿ ಕಾನ್‌ಸ್ಟನ್ಸ್ ಇಬ್ಬರೂ ದೊಡ್ಡ ತಾರೆಯರು. ನಾರ್ಮಾಳ ಗಂಡ ಜೋಸೆಫ್ ಶೆಂಕ್, ಕೀಟನ್‌ನ ಚಿತ್ರಗಳ ನಿರ್ಮಾಪಕ. ಹೀಗೆ ಧಣಿಯೇ ಷಡ್ಡಕನಾದ. ಅದೇ ವರ್ಷ ಆರ್ಬಕಲ್ ಮೇಲೆ ಒಬ್ಬ ನಟಿಯ ಸಾವಿನ ಆರೋಪ ಬಂತು. ಮೂರು ಸಲ ವಿಚಾರಣೆ ನಡೆದು, 1922ರಲ್ಲಿ ತಪ್ಪಿಲ್ಲ ಅಂತ ತೀರ್ಪಾಯಿತು. ತೀರ್ಪು ಕೊಟ್ಟವರೇ ಕ್ಷಮೆ ಕೇಳಿ ಬರೆದುಕೊಟ್ಟರು. ಆದರೂ ಅವನ ಬದುಕು ಮುಗಿದಿತ್ತು. ಎಲ್ಲರೂ ಕೈಬಿಟ್ಟಾಗ ಕೀಟನ್ ಬಿಡಲಿಲ್ಲ. ಇದನ್ನು ಓದಿದ ಮೇಲೆ ಆ ಮನುಷ್ಯನ ಮೇಲೆ ನನಗೆ ಗೌರವ ಜಾಸ್ತಿ ಆಯಿತು.

ನಟಾಲಿಯಿಂದ ಇಬ್ಬರು ಗಂಡುಮಕ್ಕಳು. ಎರಡನೆಯವನು ಹುಟ್ಟಿದ ಮೇಲೆ ಗಂಡ ಹೆಂಡತಿ ಬೇರೆ ಬೇರೆ ಕೋಣೆಯವರಾದರು. 1926ರಲ್ಲಿ ಬೆವರ್ಲಿ ಹಿಲ್ಸ್‌ನಲ್ಲಿ ಅರಮನೆಯಂಥ ಮನೆ ಕಟ್ಟಿಸಿದ, ಸುಮಾರು 3 ಲಕ್ಷ ಡಾಲರ್. ಹೊರಗೆ ಬೇರೆ ಹೆಂಗಸರ ಸಹವಾಸವೂ ಇತ್ತು. ಎಲ್ಲ ತಪ್ಪನ್ನೂ ನಟಾಲಿಯ ಮೇಲೆ ಹಾಕಿ ಬರೆದವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಮೂರು ಹೊತ್ತೂ ಸೆಟ್ಟಿನಲ್ಲಿರುವ ಗಂಡ, ಇಬ್ಬರು ಸಣ್ಣ ಮಕ್ಕಳು, ಊರಿಗೆಲ್ಲ ಹೆಸರಾದ ಅಕ್ಕತಂಗಿಯರ ನಡುವೆ ಹೆಸರಿಲ್ಲದ ಒಬ್ಬಳು. ಅವಳ ಕಡೆಯ ಕಥೆಯನ್ನು ಯಾರೂ ಸರಿಯಾಗಿ ಕೇಳಿದಂತಿಲ್ಲ.

ಆದರೆ ದೊಡ್ಡ ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ. ಅದನ್ನು ಮಲೆನಾಡಿನವರಿಗೆ ಹೇಳುವುದು ಸುಲಭ. ಸಾಗರದ ಹತ್ತಿರ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತರಲ್ಲ, ಯಾಕೆ? ಉಳುವವರು ಅವರು, ನೆಲ ಅವರದಲ್ಲ. ಕೀಟನ್‌ನದೂ ಅದೇ ಸ್ಥಿತಿ. ಕಂಪನಿಗೆ ಅವನ ಹೆಸರೇ ಇತ್ತು, ಬಸ್ಟರ್ ಕೀಟನ್ ಪ್ರೊಡಕ್ಷನ್ಸ್. ಆದರೆ ಅದರಲ್ಲಿ ಅವನದು ಒಂದು ಷೇರೂ ಇರಲಿಲ್ಲ. ತಾನು ಮಾಡಿದ ಚಿತ್ರಗಳ ಪಹಣಿಯಲ್ಲಿ ಅವನ ಹೆಸರಿಲ್ಲ. ಚಾಪ್ಲಿನ್, ಆ ಕಾಲದ ಇನ್ನೊಬ್ಬ ಹಾಸ್ಯನಟ ಹೆರಾಲ್ಡ್ ಲಾಯ್ಡ್ ತಮ್ಮ ಚಿತ್ರಗಳಿಗೆ ತಾವೇ ಒಡೆಯರಾದರು. ಇವನಿಗೆ ಲೆಕ್ಕಪತ್ರದ ಕಡೆ ಗಮನವೇ ಇಲ್ಲ. ಷಡ್ಡಕ ಇದ್ದಾನಲ್ಲ, ನೋಡಿಕೊಳ್ಳುತ್ತಾನೆ.

1928ರಲ್ಲಿ ಷಡ್ಡಕ ಕಂಪನಿ ಮುಚ್ಚಿ ಇವನನ್ನು ಎಂ.ಜಿ.ಎಂ. ಸ್ಟುಡಿಯೊಗೆ ಒಪ್ಪಿಸಿದ. ಹೋಗಬೇಡ ಅಂತ ಚಾಪ್ಲಿನ್ ಹೇಳಿದ, ಲಾಯ್ಡ್ ಹೇಳಿದ. ಇವನು ಹೋದ. ತನ್ನ ಬದುಕಿನ ದೊಡ್ಡ ತಪ್ಪು ಅದು ಅಂತ ಕೊನೆಯವರೆಗೂ ಹೇಳುತ್ತಿದ್ದ. ವಾರಕ್ಕೆ 3,000 ಡಾಲರ್ ಸಂಬಳ. ಆದರೆ ಬೇಸ್‌ಬಾಲ್ ಆಡುತ್ತಾ ಯೋಚಿಸುವ ಗೆಳೆಯರ ಗುಂಪು ಚದುರಿತು. ಸ್ಕ್ರಿಪ್ಟ್ ಬರೆಯಲು ಬೇರೆಯವರು, ಕೊಟ್ಟದ್ದನ್ನು ಓದಿ ಆಡುವುದು ಇವನ ಕೆಲಸ. ಮಾತಿನ ಸಿನಿಮಾ ಬಂದ ಹೊಸತು, ಡಬ್ಬಿಂಗ್ ಇನ್ನೂ ಬಂದಿಲ್ಲ. ಒಂದೇ ದೃಶ್ಯವನ್ನು ಇಂಗ್ಲಿಷಿನಲ್ಲಿ ಮಾಡಿ, ಆಮೇಲೆ ಸ್ಪ್ಯಾನಿಷ್, ಫ್ರೆಂಚ್, ಜರ್ಮನ್ ಭಾಷೆಯಲ್ಲಿ, ಅರ್ಥ ಗೊತ್ತಿಲ್ಲದೆ, ಉಚ್ಚಾರಣೆ ಬರೆದುಕೊಂಡು ಮತ್ತೆ ಮತ್ತೆ ಆಡಬೇಕಿತ್ತು. ಮೈಯಿಂದ ಮಾತಾಡುತ್ತಿದ್ದವನಿಗೆ ಬಾಯಿಪಾಠ.

ಗಮನಿಸಿ, ಆ ಚಿತ್ರಗಳು ದುಡ್ಡು ಮಾಡಿದವು. ಮೊದಲಿನ ಒಳ್ಳೆಯ ಚಿತ್ರಗಳಿಗಿಂತ ಹೆಚ್ಚೇ ಮಾಡಿದವು. ಹಾಗಾಗಿ ಅವನ ಮಾತು ಕೇಳುವವರೇ ಇರಲಿಲ್ಲ. ಕುಡಿತ ಈ ಹೊತ್ತಿಗೆ ಕೈ ಮೀರಿತು. ಅಪ್ಪನಲ್ಲಿ ಕಂಡ ಕುಡಿತ.

1932ರಲ್ಲಿ ನಟಾಲಿ ವಿಚ್ಛೇದನ ತೆಗೆದುಕೊಂಡಳು. ಮನೆ ಹೋಯಿತು. ಮಕ್ಕಳ ಹೆಸರಿನ ಮುಂದಿನ ಕೀಟನ್ ಹೋಗಿ ಟಾಲ್‌ಮ್ಯಾಜ್ ಬಂತು. ವರ್ಷಗಟ್ಟಲೆ ಅವರನ್ನು ನೋಡಲಾಗಲಿಲ್ಲ. 1933ರಲ್ಲಿ ಸ್ಟುಡಿಯೊ ಕೆಲಸದಿಂದ ತೆಗೆಯಿತು. ಅದೇ ವರ್ಷ, ಕುಡಿತ ಬಿಡಿಸಲು ನೋಡಿಕೊಳ್ಳುತ್ತಿದ್ದ ನರ್ಸ್ ಮೇ ಸ್ಕ್ರಿವನ್‌ಳನ್ನು ಮೆಕ್ಸಿಕೊದಲ್ಲಿ ಮದುವೆಯಾದ. ಮದುವೆ ಆದದ್ದೇ ನೆನಪಿರಲಿಲ್ಲ ಅಂತ ಮುಂದೆ ಹೇಳಿದ. 1936ಕ್ಕೆ ಅದೂ ಮುರಿಯಿತು. ನಡುವೆ ಆಸ್ಪತ್ರೆ. ಕೈ ಆಡದಂತೆ ತೋಳು ಕಟ್ಟುವ ಅಂಗಿ ತೊಡಿಸಿದ ದಿನಗಳೂ ಇದ್ದವು. ಚಿಕ್ಕಂದಿನಲ್ಲಿ ಬೆನ್ನಿಗೆ ಹಿಡಿ ಹೊಲಿದ ಅಂಗಿ. ಈಗ ಇದು.

ಈಗ ನನಗೆ ಹೇಳಿ. ನೋವಿನಿಂದ ನಗು ಹುಟ್ಟುವುದಾದರೆ ಈ ವರ್ಷಗಳಲ್ಲಿ ಅವನು ತನ್ನ ಅತ್ಯುತ್ತಮ ಚಿತ್ರ ಮಾಡಬೇಕಿತ್ತು ಅಲ್ವಾ? ನೋವಿಗೇನು ಬರಗಾಲವೇ? ಆಗ ಮಾಡಿದ ಚಿತ್ರಗಳನ್ನು ನಾನು ಹುಡುಕಿ ನೋಡಿದ್ದೇನೆ. ಕಣ್ಣು ಮಂಕಾಗಿದೆ. ಬೀಳುತ್ತಾನೆ, ಬೀಳುವುದು ಇನ್ನೂ ಬರುತ್ತದೆ, ಆದರೆ ಹೊತ್ತು ತಪ್ಪಿದೆ. ನಮ್ಮ ಹಾಸ್ಯಗಾರರಿಗೆ ತಪ್ಪಿದ ಹಾಗೇ. ನೋಡಿ ನನಗೆ ನಗು ಬರಲಿಲ್ಲ, ಹೊಟ್ಟೆ ಹಿಂಡಿದ ಹಾಗಾಯಿತು.

ಅವನನ್ನು ಹೊರಹಾಕಿದ್ದ ಎಂ.ಜಿ.ಎಂ. 1937ರಲ್ಲಿ ಮತ್ತೆ ಕರೆಯಿತು. ನಟನಾಗಿ ಅಲ್ಲ, ಬೇರೆಯವರ ಚಿತ್ರಕ್ಕೆ ನಗೆ ಹೊಂದಿಸಿಕೊಡಲು. ವಾರಕ್ಕೆ 100 ಡಾಲರ್. ಮೂರು ಸಾವಿರ ಎಣಿಸಿದ ಕೈ. ಬೇಡ ಅನ್ನಲಿಲ್ಲ, ಹೋಗಿ ಕೂತ. ಮಾರ್ಕ್ಸ್ ಸಹೋದರರು, ರೆಡ್ ಸ್ಕೆಲ್ಟನ್ ಅನ್ನುವ ಹಾಸ್ಯನಟರಿಗೆ ಹೇಳಿಕೊಟ್ಟ.

ಆ ಸ್ಟುಡಿಯೊದಲ್ಲೇ ಎಲಿನೋರ್ ನಾರಿಸ್ ಅನ್ನುವ ನೃತ್ಯಗಾತಿ ಇದ್ದಳು. ಅವನ ಮನೆಯಲ್ಲಿ ಇಸ್ಪೀಟಿನ ಬ್ರಿಜ್ ಆಟ ನಡೆಯುತ್ತಿತ್ತು, ಕಲಿಯಲು ಬರುತ್ತಿದ್ದಳು. 1940ರ ಮೇ ತಿಂಗಳಲ್ಲಿ ಮದುವೆಯಾದರು. ಅವನಿಗೆ 44, ಅವಳಿಗೆ 21. ಬೇಡ ಅಂತ ಸ್ನೇಹಿತರೆಲ್ಲ ಇಬ್ಬರಿಗೂ ಹೇಳಿದ್ದರು. ಇಪ್ಪತ್ತಾರು ವರ್ಷ, ಅವನು ಸಾಯುವವರೆಗೂ ಜೊತೆಗಿದ್ದಳು. ಅವಳು ಏನು ಮಾಡಿದಳು ಅಂತ ಕೇಳಿದರೆ ದೊಡ್ಡದೇನೂ ಇಲ್ಲ. ಲೆಕ್ಕ ನೋಡಿಕೊಂಡಳು. ಊಟ, ನಿದ್ದೆ ನೋಡಿಕೊಂಡಳು. ಪ್ಯಾರಿಸ್‌ನ ಮೆಡ್ರಾನೊ ಸರ್ಕಸ್ಸಿಗೆ ಅವನು ಹೋದಾಗ ಜೊತೆಗೆ ಹೋಗಿ, ರಂಗದ ಮೇಲೆ ಅವನು ಎತ್ತಿ ಬೀಳಿಸುವ ಪಾತ್ರವನ್ನೂ ಮಾಡಿದಳು. ಮಕ್ಕಳೂ ಮತ್ತೆ ಅವನ ಹತ್ತಿರ ಬಂದರು.

1949ರಲ್ಲಿ ಜೇಮ್ಸ್ ಏಜಿ ಅನ್ನುವ ವಿಮರ್ಶಕ ಲೈಫ್ ಪತ್ರಿಕೆಯಲ್ಲಿ ಮೂಕಿ ಕಾಲದ ಹಾಸ್ಯನಟರ ಬಗ್ಗೆ ಉದ್ದನೆಯ ಲೇಖನ ಬರೆದ. ಜನಕ್ಕೆ ಕೀಟನ್ ನೆನಪಾದ. 1952ರಲ್ಲಿ ಚಾಪ್ಲಿನ್ ತನ್ನ ಲೈಮ್‌ಲೈಟ್‌ನಲ್ಲಿ ಒಂದು ಸಣ್ಣ ಪಾತ್ರ ಕೊಟ್ಟ. ಕಥಾಚಿತ್ರವೊಂದರಲ್ಲಿ ಇಬ್ಬರೂ ಒಟ್ಟಿಗೆ ಕಾಣುವುದು ಅಲ್ಲಿ ಮಾತ್ರ.

ಅವನ ಹಳೆಯ ಅರಮನೆಯನ್ನು ಆಮೇಲೆ ಕೊಂಡವನು ಜೇಮ್ಸ್ ಮೇಸನ್ ಅನ್ನುವ ನಟ. ಹಿತ್ತಲಿನ ಶೆಡ್ಡಿನಲ್ಲಿ ಅವನಿಗೆ ಫಿಲ್ಮ್ ಡಬ್ಬಿಗಳು ಸಿಕ್ಕವು. ಕೀಟನ್‌ನ ಚಿತ್ರಗಳು. ಆ ಕಾಲದ ನೈಟ್ರೇಟ್ ಫಿಲ್ಮ್ ತಾನಾಗಿ ಪುಡಿಯಾಗುತ್ತದೆ, ಬೇಗ ಬೆಂಕಿ ಹಿಡಿಯುತ್ತದೆ. ಇನ್ನು ಕೆಲವು ವರ್ಷ ಹಾಗೇ ಬಿದ್ದಿದ್ದರೆ ಪೂರ್ತಿ ಹಾಳಾಗುತ್ತಿದ್ದವು. ನಾವು ಕನ್ನಡದ ಮೊದಲ ಮಾತಿನ ಚಿತ್ರ, 1934ರ ಸತಿ ಸುಲೋಚನಾದ ಒಂದು ಪ್ರತಿಯನ್ನೂ ಉಳಿಸಿಕೊಂಡಿಲ್ಲ. ಯಾರ ಹಿತ್ತಲಿನ ಶೆಡ್ಡಿನಲ್ಲಿ ಹೋಯಿತೋ. ಈ ವಿಷಯ ಬಂದಾಗಲೆಲ್ಲ ನನಗೆ ಬೇಜಾರಾಗುತ್ತದೆ, ಕ್ಷಮಿಸಿ, ಮುಂದೆ ಹೋಗ್ತೇನೆ.

1956ರ ಹೊತ್ತಿಗೆ ಅವನ ಜೀವನದ ಮೇಲೆ ಸಿನಿಮಾ ಮಾಡಲು ಹಕ್ಕು ಕೊಂಡರು. 50,000 ಡಾಲರ್. ಆ ಸಿನಿಮಾ ಸುಳ್ಳಿನ ಕಂತೆ. ಆದರೆ ಆ ದುಡ್ಡಿನಲ್ಲಿ ಅವನು ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿ ಸಣ್ಣ ಮನೆ, ಸುತ್ತ ಸ್ವಲ್ಪ ಜಾಗ ಕೊಂಡ. ಕೋಳಿ ಸಾಕಿದ. ತೋಟದಲ್ಲಿ ಆಟಿಕೆ ರೈಲಿನ ಹಳಿ ಹಾಸಿದ. ಮನೆಗೆ ನೆಂಟರು, ಸ್ನೇಹಿತರು ಬಂದರೆ ತಿಂಡಿಯನ್ನು ಆ ರೈಲಿನ ಮೇಲಿಟ್ಟು ಕಳಿಸುತ್ತಿದ್ದ. ಹೊಳೆಗೆ ನಿಜವಾದ ಎಂಜಿನ್ ಬೀಳಿಸಿದ್ದವನು ಕೂತು ಕಾಯುತ್ತಿದ್ದ, ತಿಂಡಿ ಚೆಲ್ಲದೆ ತಿರುವು ದಾಟುತ್ತದಾ ಅಂತ.

1960ರಲ್ಲಿ ಗೌರವ ಆಸ್ಕರ್ ಬಂತು. 1965ರ ವೆನಿಸ್ ಚಿತ್ರೋತ್ಸವದಲ್ಲಿ ಜನ ಎದ್ದು ನಿಂತು ಬಹಳ ಹೊತ್ತು ಚಪ್ಪಾಳೆ ತಟ್ಟಿದರು. 1966ರ ಫೆಬ್ರವರಿ 1ರಂದು ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡ, ಎಪ್ಪತ್ತು ವರ್ಷ. ಕಾಯಿಲೆ ಏನು ಅಂತ ಅವನಿಗೆ ಹೇಳಿರಲಿಲ್ಲ. ಕೊನೆಯವರೆಗೂ ಕೆಲಸ ಮಾಡುತ್ತಿದ್ದ, ಇಸ್ಪೀಟು ಆಡುತ್ತಿದ್ದ.

ನಮ್ಮೂರ ಹಾಸ್ಯಗಾರರಿಗೆ ಇದೆಲ್ಲ ಸಿಗಲಿಲ್ಲ. ಕೊಟ್ಟೆ ತಂದು ಕೊಟ್ಟ ಬದಲು ಒಬ್ಬರಾದರೂ ಆವತ್ತು ಊಟ ಆಯ್ತಾ ಅಂತ ಕೇಳಬಹುದಿತ್ತು. ಚೌಕಿಯಲ್ಲಿ ಇಣುಕಿದ ನಾನೂ ಕೇಳಲಿಲ್ಲ, ಚಿಕ್ಕವನಿದ್ದೆ.

ಇವತ್ತು ನೋಡುವುದು ಸ್ಟೀಮ್‌ಬೋಟ್ ಬಿಲ್ ಜೂನಿಯರ್, 1928ರದ್ದು. ಕಂಪನಿ ಮುಚ್ಚುವ ಮೊದಲು ಮಾಡಿದ ಕೊನೆಯ ಚಿತ್ರ. ಕೊನೆಯಲ್ಲಿ ಬಿರುಗಾಳಿ ಬರುತ್ತದೆ. ಒಂದು ಮನೆಯ ಮುಂದೆ ಕೀಟನ್ ಕತ್ತು ಉಜ್ಜಿಕೊಳ್ಳುತ್ತಾ ನಿಂತಿರುತ್ತಾನೆ, ಬೆನ್ನು ಮನೆಯ ಕಡೆ. ಮನೆಯ ಮುಂದಿನ ಇಡೀ ಗೋಡೆ ಅವನ ಮೇಲೆ ಬೀಳುತ್ತದೆ. ಅಟ್ಟದ ಕಿಟಕಿ ತೆರೆದಿದೆ, ಅವನು ಆ ಕಿಟಕಿಯ ಖಾಲಿ ಜಾಗದಲ್ಲಿ ಉಳಿದುಕೊಳ್ಳುತ್ತಾನೆ. ಟ್ರಿಕ್ ಅಲ್ಲ. ಗೋಡೆ ಎರಡು ಟನ್ ತೂಗುತ್ತಿತ್ತು ಅನ್ನುತ್ತಾರೆ. ತಲೆಗೂ ಭುಜಕ್ಕೂ ಕಿಟಕಿಯ ಚೌಕಟ್ಟಿಗೂ ನಡುವೆ ಕೆಲವೇ ಅಂಗುಲ. ನಿಲ್ಲುವ ಜಾಗಕ್ಕೆ ನೆಲದಲ್ಲಿ ಮೊಳೆ ಹೊಡೆದು ಗುರುತು ಮಾಡಿದ್ದರಂತೆ. ತಂಡದವರಲ್ಲಿ ಕೆಲವರು ನೋಡಲಾರದೆ ಮುಖ ತಿರುಗಿಸಿ ನಿಂತಿದ್ದರಂತೆ. ಕಂಪನಿ ಮುಚ್ಚುವ ಸುದ್ದಿ ಅವನಿಗೆ ತಿಳಿದದ್ದು ಸುಮಾರು ಅದೇ ಹೊತ್ತಿಗೆ. ಅದಕ್ಕೇ ಜೀವದ ಹಂಗು ತೊರೆದ ಅಂತ ಬರೆಯುತ್ತಾರೆ. ಇರಬಹುದು. ಆದರೆ ಜೀವ ಬೇಡ ಅನ್ನುವವನು ಮೊಳೆ ಹೊಡೆದು ಅಳತೆ ಮಾಡುವುದಿಲ್ಲ.

ಮಳೆಗಾಲದಲ್ಲಿ ನೆನೆದ ಮಣ್ಣುಗೋಡೆ ಬೀಳುವ ಸದ್ದು ಕೇಳಿ ಬೆಳೆದವರು ನಾವು. ಆ ನೋಟ ಬಂದಾಗ ಕಣ್ಣು ತಾನಾಗಿ ಗೋಡೆಯ ಕಡೆ ಹೋಗುತ್ತದೆ. ಗೋಡೆ ಬಿಡಿ. ಅವನ ಪಾದ ನೋಡಿ.

ಸರಿ, ಯಾರಾದರೂ ಆ ಬಾಗಿಲ ಪಕ್ಕದ ದೀಪ ಆರಿಸಿ.